ಊರಿಗೆ ಬಂದದ್ದು ನಾವು, ಊರು ಬಿಟ್ಟದ್ದು ಮಗಳು

ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನಿಂದ ಕೋಲಾರದ ಕಡೆಗೆ ವಾಪಸ್ ಬರುವ ಯೋಚನೆಯಲ್ಲಿರುವವರು ನಮ್ಮ ಗುಂಪಿನಲ್ಲಿ ಈಗ ಜಾಸ್ತಿ. ಕಾರಣ ಗೊತ್ತಿರುವುದೇ. ಹೊರಗಿನಿಂದ ಬಂದ ನೌಕರರಿಗೆ ಸಿಗುವ ತೆರಿಗೆ ರಿಯಾಯಿತಿ 5 ವರ್ಷಕ್ಕೆ ಮುಗಿಯುತ್ತದೆ, ಅಷ್ಟೊತ್ತಿಗೆ ಇಲ್ಲಿ ಅಪ್ಪ ಅಮ್ಮನಿಗೂ ವಯಸ್ಸಾಗಿರುತ್ತದೆ. ನರಸಾಪುರ, ವೇಮಗಲ್ ಕಡೆ ಕಾರ್ಖಾನೆಗಳು ಬಂದ ಮೇಲೆ ಕೆಲಸಕ್ಕೆ ಬೆಂಗಳೂರಿಗೇ ಓಡಬೇಕು ಅಂತಲೂ ಇಲ್ಲ. ಬಂದ ಮೇಲೆ ಏನು ಮಿಸ್ ಆಗುತ್ತದೆ ಅಂತ ಕೇಳಿದ್ದೀರಿ. ನನಗೆ ತಿಳಿದದ್ದು ಹೇಳುತ್ತೇನೆ.

ಚೀಸು, ಬ್ರೆಡ್ಡು, ಚಳಿಗಾಲದ ಲೈಟಿನ ಅಲಂಕಾರ ಎಲ್ಲ ಬೇಗ ಮರೆತುಹೋಗುತ್ತದೆ. ಮುದ್ದೆ, ಬಸ್ಸಾರಿನ ಮುಂದೆ ಚೀಸು ಎಷ್ಟು ದಿನ ನೆನಪಿರುತ್ತದೆ ಹೇಳಿ. ಹೇಳದೆ ಕೇಳದೆ ಬಾಗಿಲು ತಟ್ಟುವ ನೆಂಟರು ಮೊದಮೊದಲು ಸಿಟ್ಟು ತರಿಸುತ್ತಾರೆ. ಆಮೇಲೆ ನೀವೂ ಹಾಗೇ ಹೋಗಲು ಶುರು ಮಾಡುತ್ತೀರಿ.

ದಿನಾ ನೆನಪಾಗುವುದು ನೀರು. ಅಲ್ಲಿ ನಲ್ಲಿಗೆ ಲೋಟ ಹಿಡಿದು ಹಾಗೇ ಕುಡಿಯುತ್ತಿದ್ದೆವು. ಡಚ್ಚರು ನಲ್ಲಿ ನೀರಿಗೆ ಕ್ಲೋರಿನ್ ಕೂಡ ಹಾಕುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ಹೊಳೆಯೇ ಇಲ್ಲ. ಎಷ್ಟೋ ಕಡೆ ಬೋರ್‌ವೆಲ್ ಸಾವಿರ ಅಡಿ ದಾಟಿದೆ, ಬರುವ ನೀರಲ್ಲಿ ಫ್ಲೋರೈಡ್. ಕಾಯಿಸಿ ಆರಿಸಿದರೆ ಸಾಕು ಅಂತ ಮನೆಯಲ್ಲಿ ಹಿರಿಯರು ಹೇಳುತ್ತಾರೆ. ಕಾಯಿಸಿದರೆ ಕ್ರಿಮಿ ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ; ನೀರು ಇಂಗಿದಷ್ಟೂ ಅದರ ಪ್ರಮಾಣ ಏರುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ಹಲ್ಲು ಬೆಳೆಯುವ ವಯಸ್ಸಿನ ಮಕ್ಕಳು ಕುಡಿಯುತ್ತಾ ಹೋದರೆ ಹಲ್ಲಿಗೆ ಕಲೆ ಬೀಳುತ್ತದೆ, ಅದು ಉಜ್ಜಿದರೆ ಹೋಗುವಂಥದ್ದಲ್ಲ. ಆರ್‌ಒ ಹಾಕಿಸಿ, ಇಲ್ಲ ಅಂದರೆ ಶುದ್ಧ ನೀರಿನ ಘಟಕದಿಂದ ಕ್ಯಾನ್ ತನ್ನಿ. 2018ರಿಂದ ಕೆಸಿ ವ್ಯಾಲಿ (ಕೋರಮಂಗಲ-ಚಲ್ಲಘಟ್ಟ) ಯೋಜನೆಯ ನೀರು ಬಂದು ಕೆರೆಗಳು ತುಂಬಿವೆ, ನೋಡಲು ಖುಷಿ. ಆದರೆ ಅದು ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಬಿಟ್ಟಿರುವುದು, ಅಂತರ್ಜಲಕ್ಕೆ ಅಂತ. ಕುಡಿಯೋಕಲ್ಲ.

ಇದೆಲ್ಲ ದುಡ್ಡು ಕೊಟ್ಟರೆ ಸರಿಹೋಗುತ್ತದೆ. ಮಕ್ಕಳದ್ದು ಹಾಗಲ್ಲ. ನಾವು ನಮ್ಮ ಊರಿಗೆ ಬಂದೆವು. ಮಗಳು ಅವಳ ಊರು ಬಿಟ್ಟು ಬಂದಳು. "ಇನ್ಮೇಲೆ ಇದೇ ನಮ್ಮೂರು ಪುಟ್ಟಿ" ಅಂತ ದಿನಾ ಅಂದರೆ ಅವಳಿಗೆ ಹೇಗಾಗಬೇಡ? ಅಜ್ಜಿ ಅಂದರೆ ಪ್ರಾಣ, ಸರಿ. ಆದರೆ ಅಲ್ಲಿ ಒಬ್ಬಳೇ ಸೈಕಲ್ ಹತ್ತಿ ಶಾಲೆಗೆ, ಲೈಬ್ರರಿಗೆ ಹೋಗುತ್ತಿದ್ದವಳು ಇಲ್ಲಿ ಬೀದಿ ಕೊನೆಯ ಅಂಗಡಿಗೂ ಯಾರದ್ದಾದರೂ ಕೈ ಹಿಡಿದು ಹೋಗಬೇಕು.

ಆ ಸೈಕಲ್ಲನ್ನು ಸಾಮಾನಿನ ಜೊತೆ ತಂದಿದ್ದೆವು. ಪಂಕ್ಚರ್ ಹಾಕಿಸಲು ಡೂಂಲೈಟ್ ಸರ್ಕಲ್ ಹತ್ತಿರದ ಅಂಗಡಿಗೆ ಒಯ್ದೆ. ಹುಡುಗ ಹ್ಯಾಂಡಲ್ ಮೇಲೆ ಕೈ ಆಡಿಸಿ ಆಡಿಸಿ, "ಏನಕ್ಕಾ, ಇದಕ್ಕೆ ಬ್ರೇಕೇ ಇಲ್ವಲ್ಲ?" ಅಂದ. ಪೆಡಲ್ ಹಿಂದಕ್ಕೆ ತುಳಿದರೆ ನಿಲ್ಲುವ ಸೈಕಲ್ ಅದು. ಎರಡು ಸಲ ತುಳಿದು ನೋಡಿ, ಈ ಟ್ರಾಫಿಕ್ಕಲ್ಲಿ ಇದು ಬೇಡ ಅಂತ ತಾನೇ ಮುಂದಕ್ಕೊಂದು ಹ್ಯಾಂಡ್ ಬ್ರೇಕ್ ಕೂರಿಸಿಕೊಟ್ಟ. ಈಗ ಬೆಳಗ್ಗೆ ಬೇಗ, ಲಾರಿ ಓಡಾಟ ಶುರುವಾಗುವ ಮೊದಲು, ನಾನೂ ಅವಳೂ ಅಂತರಗಂಗೆ ಬೆಟ್ಟದ ಬುಡದ ತನಕ ಹೋಗಿ ಬರುತ್ತೇವೆ. ಒಬ್ಬಳೇ ಹೋಗುವ ಖುಷಿ ಅದರಲ್ಲಿಲ್ಲ, ಅವಳೂ ಹಾಗೇ ಹೇಳುತ್ತಾಳೆ.

ಮಕ್ಕಳಿಗೆ ಅಲ್ಲಿನ ಈಜಿನ ಡಿಪ್ಲೊಮಾ ಕೊಡಿಸದೆ ಬರಬೇಡಿ. ಬಟ್ಟೆ, ಬೂಟು ಹಾಕಿಕೊಂಡೇ ನೀರಿಗಿಳಿದು ಈಜುವ ಆ ಪರೀಕ್ಷೆ ನೋಡಿ ಅಲ್ಲಿ ನಕ್ಕಿದ್ದೆವು, ಅಲ್ವಾ? ಇಲ್ಲಿ 2014ರಲ್ಲಿ ಸರ್ಕಾರದ ಕೃಷಿ ಭಾಗ್ಯ ಯೋಜನೆ ಶುರುವಾದ ಮೇಲೆ ಹೊಲಹೊಲದಲ್ಲಿ ಕೃಷಿ ಹೊಂಡ. ಅಂಚಿಗೆಲ್ಲ ಪ್ಲಾಸ್ಟಿಕ್ ಹಾಳೆ, ಪಾಚಿ ಕಟ್ಟಿದರೆ ವಿಪರೀತ ಜಾರುತ್ತದೆ. ಬಿದ್ದರೆ ಈಜು ಬರುವವರೂ ಹತ್ತಿ ಬರುವುದು ಕಷ್ಟ. ನೆಂಟರ ತೋಟಕ್ಕೆ ಹೋದಾಗ ಮೊದಲು ನೋಡಬೇಕಾದದ್ದು ಹೊಂಡಕ್ಕೆ ಬೇಲಿ ಇದೆಯಾ ಅಂತ. ಇಲ್ಲ ಅಂದರೆ ಹಗ್ಗ, ಟ್ಯೂಬು ಏನಾದರೂ ಅಂಚಿಗೆ ಕಟ್ಟಿಸಿ ಅಂತ ಬಾಯಿಬಿಟ್ಟು ಹೇಳಿ.

ಲೈಬ್ರರಿಯ ವಿಷಯಕ್ಕೆ ಅಷ್ಟೇನೂ ಕೊರಗಬೇಡಿ. ಅಲ್ಲಿ 18ರ ತನಕ ಸದಸ್ಯತ್ವ ಉಚಿತ. ಇಲ್ಲೂ ಗ್ರಾಮ ಪಂಚಾಯಿತಿ ಲೈಬ್ರರಿಗಳಲ್ಲಿ ಮಕ್ಕಳಿಗೆ ಉಚಿತ. ಪುಸ್ತಕ ಕಮ್ಮಿ, ಒಪ್ಪಿದೆ. ನೀವು ತಂದದ್ದರಲ್ಲಿ ನಾಲ್ಕು ಕೊಡಿ.

ಭಾಷೆಯ ಚಿಂತೆಯಂತೂ ಬೇಡವೇ ಬೇಡ. ಕನ್ನಡ ಕಲಿಯಲಿ ಅಂತ ಕರೆತಂದೆವು, ಪಕ್ಕದ ಮನೆ ಮಕ್ಕಳ ಜೊತೆ ಆಡುತ್ತಾ ಅವಳು ಮೊದಲು ಕಲಿತದ್ದು ತೆಲುಗು. ಕೋಲಾರ ಅಲ್ವಾ!

ಹಳೇ ಗೆಳತಿಯರನ್ನು ಮಾತ್ರ ಬಿಡಿಸಬೇಡಿ. ಅಲ್ಲಿ ಎಷ್ಟೋ ಶಾಲೆಗಳು ಬುಧವಾರ ಮಧ್ಯಾಹ್ನಕ್ಕೇ ಬಿಡುತ್ತವೆ. ಬೇಸಿಗೆಯಲ್ಲಿ ನಾವು ಮೂರೂವರೆ ಗಂಟೆ ಮುಂದೆ, ಚಳಿಗಾಲದಲ್ಲಿ ನಾಲ್ಕೂವರೆ. ಹಾಗಾಗಿ ಬುಧವಾರ ಸಂಜೆ ನಮ್ಮ ಮನೆಯ ಫೋನು ಅವಳದ್ದು. ಆ ಹೊತ್ತಿಗೆ ಟ್ಯೂಷನ್ ಇಟ್ಟುಕೊಳ್ಳಬೇಡಿ, ಯಾರು ಎಷ್ಟೇ ಹೇಳಲಿ.