ಸಹಾಯ ಬೇಕು: ಕೈ ದಾಟಿಸಬೇಕೆಂದಿದ್ದ ಮನೆಯನ್ನು ನಾನೇ ಇಟ್ಟುಕೊಳ್ಳುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಹೋಲ್‌ಸೇಲಿಂಗ್ (ಮನೆ ಕೊಳ್ಳುವ ಕರಾರನ್ನೇ ಲಾಭಕ್ಕೆ ಇನ್ನೊಬ್ಬರಿಗೆ ದಾಟಿಸುವುದು) ಮಾಡಿ ಅನುಭವ ಇರುವವರು ಸ್ವಲ್ಪ ದಾರಿ ತೋರಿಸಿ.

ಒಂದು ಹಳೇ ಮನೆಗೆ ಮಾಲೀಕರ ಜೊತೆ ಕರಾರು ಮಾಡಿಕೊಂಡಿದ್ದೇನೆ. ಅದನ್ನು ಇನ್ನೊಬ್ಬರ ಹೆಸರಿಗೆ ದಾಟಿಸಿ, ನಡುವಿನ ಲಾಭ ತೆಗೆದುಕೊಂಡು ಹೊರಬರುವುದು ನನ್ನ ಲೆಕ್ಕವಾಗಿತ್ತು. ಮೊನ್ನೆ ಅಳತೆಗೆ ಅಂತ ಮತ್ತೆ ಹೋದಾಗ ಮನಸ್ಸು ಬದಲಾಯಿತು. ಗೋಡೆಯ ಬಣ್ಣ ಉದುರಿದೆ, ಸಿಂಕಿನ ಕೆಳಗಿನ ಹಲಗೆ ಕೊಳೆತು ಕೈಗೆ ಪುಡಿಯಾಗಿ ಬಂತು. ಅಷ್ಟೇ. ತಳಪಾಯ, ಚಾವಣಿ ಎರಡೂ ಗಟ್ಟಿ. ಸುಮ್ನೆ ಯಾಕೆ ಬಿಟ್ಟುಕೊಡಬೇಕು, ಬಾಡಿಗೆಗೆ ಕೊಡಬಹುದಲ್ವಾ ಅನಿಸಿತು.

ತೊಂದರೆ ದುಡ್ಡಿನದು. ಕೈಯಲ್ಲಿರುವುದು ರಿಪೇರಿಗೆ ಸಾಕಾಗುವಷ್ಟು ಮಾತ್ರ. ಕರಾರಿನ ಗಡುವಿಗೆ ಇನ್ನು 30 ದಿನ. ಅಷ್ಟರಲ್ಲಿ ಬ್ಯಾಂಕ್ ಸಾಲ ಸಿಗುವುದು ಅನುಮಾನ. ಖಾಸಗಿ ಸಾಲ ಬೇಗ ಸಿಗುತ್ತದೆ, ಆದರೆ ಬಡ್ಡಿ ಜಾಸ್ತಿ, ಅವಧಿಯೂ ಕಡಿಮೆ. ಅದರಲ್ಲಿ ಕೊಂಡು, ರಿಪೇರಿ ಮುಗಿಸಿ, ಬಾಡಿಗೆದಾರರು ಬಂದಮೇಲೆ ಬ್ಯಾಂಕಿನ ಸಾಲಕ್ಕೆ ಬದಲಾಯಿಸುವ ಯೋಚನೆ. ಆದರೆ ಕೊಂಡು 6 ತಿಂಗಳಾದರೂ ಆಗದೆ ರಿಪೇರಿ ನಂತರದ ಹೊಸ ಬೆಲೆಯ ಮೇಲೆ ಸಾಲ ಕೊಡಲು ಎಷ್ಟೋ ಬ್ಯಾಂಕುಗಳು ಒಪ್ಪುವುದಿಲ್ಲ. ಅಷ್ಟು ದಿನದ ಬಡ್ಡಿ, ವಿಮೆ, ತೆರಿಗೆ, ಖಾಲಿ ಮನೆಯ ಖರ್ಚು ಎಲ್ಲಾ ನನ್ನ ತಲೆ ಮೇಲೆ.

ಮಾಲೀಕರ ಸಾಲವೆಲ್ಲ ತೀರಿದೆ. ಹಾಗಾಗಿ ಅವರಿಗೇ ಕಂತಿನಲ್ಲಿ ಕೊಡುತ್ತೇನೆ ಅಂತ ಕೇಳಿದರೆ? ಕರಾರನ್ನು ಹೊಸದಾಗಿ ಬರೆಸಬೇಕಾ, ತಿದ್ದುಪಡಿ ಸಾಕಾ?

ಇನ್ನೊಂದು ಮುಜುಗರ. ಒಬ್ಬ ಖರೀದಿದಾರರಿಗೆ ಬಾಯಿಮಾತಿನಲ್ಲಿ ಹೂಂ ಅಂದಿದ್ದೇನೆ. ಸಹಿ ಏನೂ ಆಗಿಲ್ಲ. ಮುಂದೆಯೂ ಅವರ ಜೊತೆ ವ್ಯವಹಾರ ಬೇಕು. ಅವರಿಗೆ ಹೇಗೆ ಹೇಳಲಿ?