ಯೋಹಾನ 9, ಶುಕ್ರವಾರದ ಕೂಟಕ್ಕೆ

ಎಲ್ಲರಿಗೂ ವಂದನೆ. ಮಗಳೇ, ನಿನ್ನ ಮೆಸೇಜ್ ನೋಡಿದೆ. ಶುಕ್ರವಾರದ ಮನೆ ಕೂಟಕ್ಕೆ ಯೋಹಾನ 9, ಅಂದ್ರೆ ಯೇಸುಸ್ವಾಮಿ ಹುಟ್ಟುಕುರುಡನಿಗೆ ಕಣ್ಣು ಕೊಟ್ಟದ್ದು, ಅದಕ್ಕೆ ಫರಿಸಾಯರು ಅವನನ್ನ ವಿಚಾರಣೆ ಮಾಡಿದ್ದು, ಆ ಅಧ್ಯಾಯ ಕೊಟ್ಟಿದ್ದಾರೆ, ಮುಕ್ಕಾಲು ಗಂಟೆ ಹೇಗೆ ನಡೆಸಲಿ ದೊಡ್ಡಮ್ಮ ಅಂತ ಕೇಳಿದ್ದೀಯ. ಕಣ್ಣು ಕಾಣದ ಅಜ್ಜ ಒಬ್ಬರು ಕೂಟಕ್ಕೆ ಬರ್ತಾರೆ, ಅವರೆದುರು ಹೇಗೆ ಮಾತಾಡಲಿ ಅಂತಲೂ ಕೇಳಿದ್ದೀಯ. ಅದರ ಕೆಳಗೇ ನಿನ್ನ ತಮ್ಮ ಹಾಕಿದ್ದಾನೆ, ‘ಸುಲಭ ಅಕ್ಕ, ನಂಬದವರೆಲ್ಲ ಕುರುಡರು, ನಮಗೆ ಕಣ್ಣಿದೆ ಅಂತ ಹೇಳಿ 2 ಕೊರಿಂಥ 4:4 ಓದಿ ಮುಗಿಸು’ ಅಂತ. ಇಬ್ಬರಿಗೂ ಸೇರಿಸಿ ಹೇಳ್ತೀನಿ. ಉದ್ದ ಆಗುತ್ತೆ, ಸತ್ಯವೇದ ಕೈಯಲ್ಲಿಟ್ಟುಕೊಂಡು ಕೇಳಿ. ಅಡುಗೆ ಮಾಡ್ತಾ ಕೇಳೋರು ಒಲೆ ಸಣ್ಣ ಮಾಡ್ಕೊಳ್ಳಿ.

ಮೊದಲು ತಮ್ಮನ ಮಾತು. ಇಡೀ ಅಧ್ಯಾಯದಲ್ಲಿ ಯೇಸುಸ್ವಾಮಿ ಕುರುಡುತನವನ್ನ ತಪ್ಪು ಅಂತ ಹೊರಿಸೋದು ಯಾರ ಮೇಲೆ? ಧರ್ಮ ಗೊತ್ತಿಲ್ಲದವರ ಮೇಲಲ್ಲ. ಕೊನೇ ವಚನ, 41, ನೋಡು: ನೀವು ಕುರುಡರಾಗಿದ್ದಿದ್ರೆ ನಿಮಗೆ ಪಾಪ ಇರ್ತಿರಲಿಲ್ಲ, ‘ಕಾಣ್ತೀವಿ’ ಅಂತೀರಲ್ಲ, ಅದಕ್ಕೇ ನಿಮ್ಮ ಪಾಪ ಉಳಿದಿದೆ. ಇದು ಫರಿಸಾಯರಿಗೆ, ಅಂದ್ರೆ ಶಾಸ್ತ್ರ ಬಾಯಿಪಾಠ ಇದ್ದವರಿಗೆ, ಸಬ್ಬತ್ ಅನ್ನೋ ವಾರದ ವಿಶ್ರಾಂತಿ ದಿನ ತಪ್ಪದವರಿಗೆ, ಅಂದ್ರೆ ಕೂಟ ನಡೆಸೋ ನಮ್ಮಂಥವರಿಗೆ ಹೇಳಿದ ಮಾತು. ಪಕ್ಕದ ಮನೆಯವರಿಗೆ ಹೊಡೆಯೋ ಕೋಲಾಗಿ ಇದನ್ನ ಎತ್ತಿಕೊಂಡ್ರೆ ಅಧ್ಯಾಯ ತಲೆಕೆಳಗಾಗುತ್ತೆ.

ಹಾಗಂತ 2 ಕೊರಿಂಥ 4:4 ಸುಳ್ಳಲ್ಲ. ನಂಬದವರ ಮನಸ್ಸು ಮಂಕಾಗಿದೆ ಅಂತ ಪೌಲ ಹೇಳೇ ಹೇಳ್ತಾನೆ. ಆದರೆ ಹೇಳೋನು ಯಾರು ನೋಡು. ಅಪೊಸ್ತಲರ ಕೃತ್ಯಗಳು 9ರಲ್ಲಿ ದಮಸ್ಕದ ದಾರೀಲಿ ಬಿದ್ದು, ಮೂರು ದಿನ ಕಣ್ಣು ಕಾಣದೆ, ಊಟ ನೀರು ಬಿಟ್ಟು ಕೂತವನು. ಬಿದ್ದಾಗ ಅವನಿಗೆ ಶಾಸ್ತ್ರಜ್ಞಾನ ಕಮ್ಮಿ ಇರಲಿಲ್ಲ, ಭಕ್ತಿ ಕಮ್ಮಿ ಇರಲಿಲ್ಲ. ಎರಡೂ ಜಾಸ್ತೀನೇ ಇತ್ತು. ಅವನ ಕಣ್ಣಿಂದ ಪರೆಯಂಥದು ಬಿದ್ದದ್ದು ಆ ಊರಿನ ಶಿಷ್ಯ ಅನನೀಯ ಬಂದು ಅವನ ಮೇಲೆ ಕೈಯಿಟ್ಟು ‘ಸಹೋದರನೇ’ ಅಂತ ಕರೆದ ಮೇಲೆ. ತನ್ನವರನ್ನ ಕಟ್ಟಿಕೊಂಡು ಹೋಗೋಕೆ ಬಂದವನನ್ನ ಸಹೋದರ ಅಂತ ಕರೆದದ್ದು! ಮತ್ತೆ 4:4 ಓದಿದವರು 4:5, 4:6 ಬಿಡಬಾರದು. ನಮ್ಮನ್ನ ನಾವು ಸಾರೋದಿಲ್ಲ, ಬೆಳಕು ಹೊಳೆಯಿಸೋದು ದೇವರು, ಅಂತ ಇದೆ ಅಲ್ಲಿ. ತಮ್ಮಾ, 4:4 ಮಾತ್ರ ಕಿತ್ತು ಸ್ಟೇಟಸ್ ಹಾಕಬೇಡ.

ಈಗ ನಿನ್ನ ಕೆಲಸ ಮಗಳೇ. ಅಧ್ಯಾಯದಲ್ಲಿ 41 ವಚನ. ಸ್ವಸ್ಥತೆ ಮುಗಿಯೋದು 6, 7ರಲ್ಲಿ, ಎರಡೇ ವಚನ. ಆಮೇಲೆ 8ರಿಂದ 34ರ ತನಕ, 27 ವಚನ, ಯೇಸುಸ್ವಾಮಿ ಅಲ್ಲಿ ಇಲ್ಲವೇ ಇಲ್ಲ. ಬರೀ ವಿಚಾರಣೆ. ಕೂಟಗಳಲ್ಲಿ ಆಗೋ ದೊಡ್ಡ ತಪ್ಪು ಏನಂದ್ರೆ 7ಕ್ಕೆ ನಿಂತುಬಿಡ್ತಾರೆ. ಕೆಸರು ಹಚ್ಚಿದ್ರು, ತೊಳಕೊಂಡ, ಕಣ್ಣು ಬಂತು, ಸ್ತೋತ್ರ, ಈಗ ಸಾಕ್ಷಿ ಹೇಳೋರು ಯಾರು? ಅಲ್ಲಿಗೆ ಅರ್ಧ ಗಂಟೆ ಹೋಯ್ತು. ಯೋಹಾನ ಬರೆಯೋಕೆ ಹೊರಟ ವಿಷಯ 8ನೇ ವಚನಕ್ಕೆ ಶುರು ಆಗುತ್ತೆ. ಅದಕ್ಕೇ ಮೊದಲು ಇಡೀ ಅಧ್ಯಾಯ ಓದಿಸಿಬಿಡು, ಏಳೆಂಟು ನಿಮಿಷ ಸಾಕು. ಮಧ್ಯೆ ಯಾರಿಗೂ ವಿವರಣೆ ಕೊಡೋಕೆ ಬಿಡಬೇಡ.

ಓದಾದ ಮೇಲೆ ಎರಡು ಬಣ್ಣದ ಪೆನ್ಸಿಲ್ ಕೊಡು. ಒಂದರಲ್ಲಿ ‘ಗೊತ್ತು’, ‘ಬಲ್ಲೆ’ ಅನ್ನೋ ಮಾತಿಗೆ ಗೆರೆ, ಇನ್ನೊಂದರಲ್ಲಿ ‘ಗೊತ್ತಿಲ್ಲ’, ‘ಅರಿಯೆ’ ಅನ್ನೋದಕ್ಕೆ. ಹತ್ತು ನಿಮಿಷ. ಫರಿಸಾಯರು 24ರಲ್ಲಿ: ಅವನು ಪಾಪಿ ಅಂತ ನಮಗೆ ಗೊತ್ತು. 29ರಲ್ಲಿ: ಮೋಶೆ ಸಂಗಡ ದೇವರು ಮಾತಾಡಿದ್ದು ನಮಗೆ ಗೊತ್ತು. ಕಣ್ಣು ಬಂದವನು ಏನಂತಾನೆ? ಅವನೆಲ್ಲಿ ಅಂತ ಕೇಳಿದ್ರೆ 12ರಲ್ಲಿ ಗೊತ್ತಿಲ್ಲ. ಪಾಪಿಯೋ ಅಲ್ಲವೋ, 25ರಲ್ಲಿ ಅದೂ ಗೊತ್ತಿಲ್ಲ, ಒಂದು ಮಾತ್ರ ಗೊತ್ತು, ಕುರುಡನಾಗಿದ್ದೆ, ಈಗ ಕಾಣ್ತೀನಿ. 36ರಲ್ಲಿ ಮನುಷ್ಯಕುಮಾರ ಯಾರು ಅಂತ ತಾನೇ ಕೇಳ್ತಾನೆ. ಕಾಣೋನು ಗೊತ್ತಿಲ್ಲ ಅಂತಾನೆ, ಕಾಣದವರು ಗೊತ್ತು ಅಂತಾರೆ. ಯಾರಾದ್ರೂ ಜಾಣರು 31 ಎತ್ತಿ ‘ಅಲ್ಲಿ ಅವನೂ ನಮಗೆ ಗೊತ್ತು ಅಂತಾನಲ್ಲ’ ಅನ್ನಬಹುದು. ಹೌದು, ಅಂತಾನೆ. ಆದರೆ ಅದು ಅವರು ಕಲಿಸಿದ ಪಾಠವನ್ನೇ ಅವರಿಗೆ ತಿರುಗಿಸಿ ಒಪ್ಪಿಸೋದು: ಪಾಪಿಗಳ ಮಾತು ದೇವರು ಕೇಳಲ್ಲ ಅಂತ ನೀವೇ ತಾನೇ ಹೇಳೋದು? ಭಿಕ್ಷೆ ಬೇಡ್ತಿದ್ದವನ ಬಾಯಲ್ಲಿ ಆ ಮಾತು ಎಷ್ಟು ಚುರುಕು ನೋಡು.

ಆಮೇಲೆ ಅವನು ಯೇಸುಸ್ವಾಮಿಯನ್ನ ಏನಂತ ಕರೀತಾನೆ ಅನ್ನೋದನ್ನ ಒಂದರ ಕೆಳಗೆ ಒಂದು ಬರೆಸು. 11ರಲ್ಲಿ ‘ಯೇಸು ಅನ್ನೋ ಮನುಷ್ಯ’. 17ರಲ್ಲಿ ‘ಪ್ರವಾದಿ’. 33ರಲ್ಲಿ ದೇವರ ಕಡೆಯಿಂದ ಬಂದವನು. 38ರಲ್ಲಿ ‘ಕರ್ತನೇ, ನಂಬ್ತೀನಿ’ ಅಂತ ಅಡ್ಡಬೀಳ್ತಾನೆ. ಮುಖದ ಕಣ್ಣು ಒಂದೇ ಸಲಕ್ಕೆ ಬಂತು. ಒಳಗಿನದು ಮೆಟ್ಟಿಲು ಮೆಟ್ಟಿಲಾಗಿ, ಅದೂ ಬೈಸಿಕೊಳ್ತಾ ಬೈಸಿಕೊಳ್ತಾ ಬಂತು. ಅತ್ತ ಫರಿಸಾಯರದ್ದು ಇಳಿಯೋ ಮೆಟ್ಟಿಲು: 16ರಲ್ಲಿ ಇನ್ನೂ ಅವರೊಳಗೇ ಭೇದ ಇದೆ, 18ರಲ್ಲಿ ಇವನು ಕುರುಡನಾಗಿದ್ದ ಅನ್ನೋದನ್ನೇ ನಂಬಲ್ಲ, 34ಕ್ಕೆ ಹೊರಗೆ ಹಾಕ್ತಾರೆ. ಎದುರಿಗೆ ನಿಂತವನನ್ನೇ ಕಾಣದ ಸ್ಥಿತಿ.

ಒಂದು ಸೂಕ್ಷ್ಮ ಇದೆ, ಇದನ್ನ ಬಿಡಬೇಡ. ಅವನು ಸಿಲೋವ ಕೊಳಕ್ಕೆ ಹೋಗುವಾಗ ಇನ್ನೂ ಕಣ್ಣಿಲ್ಲ, ಮೇಲೆ ಕೆಸರು ಬೇರೆ. ಕಣ್ಣು ಬಂದು ವಾಪಸ್ಸಾದಾಗ ಯೇಸುಸ್ವಾಮಿ ಅಲ್ಲಿ ಇಲ್ಲ. ಅಂದ್ರೆ ವಿಚಾರಣೆಯಲ್ಲಿ ಅಷ್ಟೊಂದು ವಾದ ಮಾಡಿದ್ದು ಒಂದು ಸಲವೂ ನೋಡದ ಮುಖದ ಪರವಾಗಿ. ಮುಖ ಕಂಡದ್ದು ಹೊರಗೆ ಹಾಕಿಸಿಕೊಂಡ ಮೇಲೆ, ಸ್ವಾಮಿಯೇ ಹುಡುಕಿಕೊಂಡು ಬಂದಾಗ. 37ರಲ್ಲಿ ‘ನೀನು ಆತನನ್ನ ನೋಡಿದ್ದೀ’ ಅಂತಾರಲ್ಲ, ಅದನ್ನ ಈ ಲೆಕ್ಕದಲ್ಲಿ ಓದಿ ನೋಡು.

ಕೆಸರಿನ ಬಗ್ಗೆ ಪ್ರಶ್ನೆ ಬಂದೇ ಬರುತ್ತೆ. ಸ್ವಾಮಿ ಕೆಸರು ಮಾಡಿದ್ದು ಸಬ್ಬತ್ ದಿನ. ಆ ದಿನ ಮಾಡಬಾರದ 39 ಕೆಲಸಗಳ ಪಟ್ಟಿ ಯೆಹೂದ್ಯರ ಮಿಷ್ನಾ ಅನ್ನೋ ನಿಯಮಗಳ ಪುಸ್ತಕದಲ್ಲಿದೆ. ಅದರಲ್ಲಿ ನಾದೋದೂ ಒಂದು, ಹಿಟ್ಟು ನಾದ್ತೀವಲ್ಲ ಅದೇ. ಉಗುಳು ಹಾಕಿ ಮಣ್ಣು ಕಲಸಿದ್ದು ಅವರ ಕಣ್ಣಿಗೆ ಆ ಲೆಕ್ಕಕ್ಕೆ ಬಂತು. ನಮ್ಮ ಭಾಷೇಲಿ ಕಣ್ಣಿಗೆ ಮಣ್ಣೆರಚೋದು ಅಂದ್ರೆ ಮೋಸ. ಇಲ್ಲಿ ಮಣ್ಣು ಬಿದ್ದ ಮೇಲೇ ಕಣ್ಣು ಬಂದದ್ದು. ಇದನ್ನ ಹೇಳು, ಜನ ಮರೆಯಲ್ಲ. ಸಿಲೋವ ಅಂದ್ರೆ ‘ಕಳುಹಿಸಲ್ಪಟ್ಟವನು’ ಅಂತ ಯೋಹಾನನೇ ಅರ್ಥ ಕೊಟ್ಟಿದ್ದಾನೆ. ಅದೇನು ಕಥೆಯ ಕೊಳ ಅಲ್ಲ. ಹಿಜ್ಕೀಯ ರಾಜ ಕೊರೆಸಿದ 533 ಮೀಟರ್ ಸುರಂಗದಲ್ಲಿ ಗೀಹೋನ್ ಬುಗ್ಗೆಯ ನೀರು ಆ ಕಡೆಗೆ ಹರಿದು ಬರುತ್ತೆ. 2004ರಲ್ಲಿ ಯೆರೂಸಲೇಮಿನಲ್ಲಿ ಒಳಚರಂಡಿ ಪೈಪ್ ಕೆಲಸ ಮಾಡುವಾಗ ಹಳೇ ಕೊಳದ ಕಲ್ಲಿನ ಮೆಟ್ಟಿಲು ಸಿಕ್ಕಿತು. ಇದಕ್ಕೆ ಎರಡು ನಿಮಿಷ ಸಾಕು, ಜಾಸ್ತಿ ಹೋದ್ರೆ ಕೂಟ ಪ್ರವಾಸ ಆಗಿಬಿಡುತ್ತೆ.

24ರಲ್ಲಿ ‘ದೇವರನ್ನು ಘನಪಡಿಸು’ ಅನ್ನೋದನ್ನ ಕೆಲವರು ಸ್ತೋತ್ರ ಅಂದುಕೊಳ್ತಾರೆ. ಅಲ್ಲ. ಅದು ಆಣೆ ಇಟ್ಟು ನಿಜ ಹೇಳು ಅನ್ನೋ ಮಾತು, ಯೆಹೋಶುವ 7:19ರಲ್ಲಿ ಕದ್ದು ಬಚ್ಚಿಟ್ಟ ಆಕಾನನಿಗೆ ಹೇಳಿದ್ದೂ ಅದೇ ರೀತಿ. ಹುಟ್ಟುಕುರುಡನಿಗೆ ಕಣ್ಣು ಬಂದಿದೆ, ಇಡೀ ಅಧ್ಯಾಯದಲ್ಲಿ ಒಬ್ಬರೂ ಸಂತೋಷಪಡಲ್ಲ ಗಮನಿಸಿದ್ದೀರಾ? ನೆರೆಯವರು, ಫರಿಸಾಯರು, ಎಲ್ಲರದೂ ಒಂದೇ ಪ್ರಶ್ನೆ, ‘ಹೇಗೆ?’ ಹೆತ್ತವರು ಕೂಡ ಬಹಿಷ್ಕಾರದ ಭಯಕ್ಕೆ ‘ಪ್ರಾಯದವನು, ಅವನನ್ನೇ ಕೇಳಿ’ ಅಂತ ಜಾರಿಕೊಳ್ತಾರೆ. ಬಹಿಷ್ಕಾರ ಅಂದ್ರೆ ಏನು ಅಂತ ನಮ್ಮ ಹಳ್ಳಿ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇಷ್ಟಾದ್ರೂ ‘ಯೆಹೂದ್ಯರೇ ಹಾಗೆ’ ಅನ್ನೋ ಮಾತು ಮಾತ್ರ ಬೇಡ. ಕಣ್ಣು ಬಂದವನೂ ಯೆಹೂದ್ಯನೇ, ಅವನ ಅಪ್ಪ ಅಮ್ಮನೂ, ಯೇಸುಸ್ವಾಮಿಯೂ.

ಇನ್ನು ಅಜ್ಜನ ವಿಷಯ. 2ನೇ ವಚನ ಬಂದ ಕೂಡಲೇ ಯಾರೋ ಒಬ್ಬರು ‘ಯಾವ ಜನ್ಮದ ಪಾಪವೋ’ ಅನ್ನೋ ಧಾಟೀಲಿ ಮಾತು ತೆಗೀತಾರೆ. ಶಿಷ್ಯರು ಕೇಳಿದ್ದೂ ಅದೇ ಥರ: ಇವನ ಪಾಪವೋ, ಹೆತ್ತವರದೋ? 3ರಲ್ಲಿ ಎರಡಕ್ಕೂ ಅಲ್ಲ ಅಂತ ಉತ್ತರ ಇದೆ. ಅಷ್ಟನ್ನ ಗಟ್ಟಿಯಾಗಿ ಹೇಳು. ಅದೇ ವಚನದ ಉಳಿದರ್ಧ ಹಿಡಿದು ‘ದೇವರು ತನ್ನ ಮಹಿಮೆ ತೋರಿಸೋಕೇ ಇವನನ್ನ ಕುರುಡನಾಗಿ ಹುಟ್ಟಿಸಿದ’ ಅಂತ ಅಜ್ಜನೆದುರು ವ್ಯಾಖ್ಯಾನ ಬೇಡ. ಹಳೇ ಗ್ರೀಕ್ ಪ್ರತಿಗಳಲ್ಲಿ ನಮ್ಮ ಹಾಗೆ ಪೂರ್ಣವಿರಾಮ ಇರಲಿಲ್ಲ. ‘ದೇವರ ಕೆಲಸ ಇವನಲ್ಲಿ ತೋರಿಬರಬೇಕು, ಅದಕ್ಕೇ ಹಗಲಿರುವಾಗ ನಾವು ಕೆಲಸ ಮಾಡಬೇಕು’ ಅಂತ 4ನೇ ವಚನಕ್ಕೆ ಸೇರಿಸಿ ಓದೋ ಪಂಡಿತರೂ ಇದ್ದಾರೆ. ಕಾರಣ ಹುಡುಕೋದು ಬಿಟ್ಟು ಕೆಲಸಕ್ಕೆ ಕೈಹಾಕು ಅನ್ನೋ ಕಡೆ ಮಾತು ತಿರುಗುತ್ತೆ ಆಗ. ನನಗೆ ಈ ಓದೇ ಸರಿ ಅನ್ನಿಸುತ್ತೆ.

ಅಜ್ಜನನ್ನ ಕೇಳದೆ ಅವರ ಕಣ್ಣಿಗೆ ಕೈಯಿಟ್ಟು ಪ್ರಾರ್ಥನೆ ಮಾಡಬೇಡಿ. ಮಾರ್ಕ 10:51ರಲ್ಲಿ ಬಾರ್ತಿಮಾಯನಿಗೆ ಸ್ವಾಮಿಯೇ ‘ನಿನಗೇನು ಮಾಡಬೇಕು’ ಅಂತ ಕೇಳಿದ್ದಾರೆ, ಅವನು ಕುರುಡ ಅಂತ ಎದುರಿಗೇ ಕಾಣ್ತಿದ್ರೂ. ಅದೇ ಪ್ರಶ್ನೆಯನ್ನ 15 ವಚನ ಹಿಂದೆ ಶಿಷ್ಯರಾದ ಯಾಕೋಬ ಯೋಹಾನರಿಗೂ ಕೇಳಿದ್ರು, 10:36. ಕಣ್ಣಿದ್ದ ಆ ಇಬ್ಬರು ಬಲಗಡೆ ಎಡಗಡೆ ಸೀಟು ಕೇಳಿದ್ರು. ಕಣ್ಣಿಲ್ಲದವನು ಕಣ್ಣು ಕೇಳಿ, ಅದು ಬಂದ ಮೇಲೆ ಸ್ವಾಮಿಯ ಹಿಂದೆ ದಾರಿ ಹಿಡಿದ. ಹೊರಗಿನ ಕಣ್ಣಿಗೂ ಒಳಗಿನ ಕಣ್ಣಿಗೂ ಸಂಬಂಧ ಇಲ್ಲ ಅನ್ನೋದಕ್ಕೆ ಇದಕ್ಕಿಂತ ಬೇರೆ ಬೇಡ. ಮಾತಾಡುವಾಗ ‘ಕುರುಡ’ ಅನ್ನೋದನ್ನ ವಚನ ಓದೋಕೆ ಮಾತ್ರ ಇಟ್ಟುಕೋ. ಬೈಗುಳವಾಗಿ, ಹೋಲಿಕೆಯಾಗಿ ಬಳಸಬೇಡ.

ನಂಬಿದವರಿಗೆ ಪೂರ್ತಿ ಕಣ್ಣು ಬಂದಾಯ್ತು ಅಂದುಕೊಳ್ಳೋರಿಗೆ ಮಾರ್ಕ 8:22ರಿಂದ ಐದು ವಚನ ಇಟ್ಟಿರು. ಬೇತ್ಸಾಯಿದದಲ್ಲಿ ಎರಡು ಸಲ ಕೈಯಿಟ್ಟು ವಾಸಿ ಮಾಡಿದ್ದು. ಮೊದಲ ಸಲಕ್ಕೆ ಜನ ಮರಗಳ ಹಾಗೆ, ಆದರೆ ನಡೆದಾಡೋ ಹಾಗೆ ಕಂಡ್ರು. ಶಕ್ತಿ ಸಾಲದೆ ಎರಡನೇ ಸಲ ಬೇಕಾಯ್ತು ಅಂತ ಯಾರಾದ್ರೂ ಅಂದ್ರೆ ಪುಟ ತಿರುಗಿಸಬೇಡ, ಅಲ್ಲೇ ಕೆಳಗೆ ತೋರಿಸು. 29ರಲ್ಲಿ ಪೇತ್ರ ‘ನೀನು ಕ್ರಿಸ್ತನು’ ಅಂತಾನೆ, ಸರಿಯಾಗೇ ಹೇಳ್ತಾನೆ. 33ರಲ್ಲಿ ಅವನಿಗೇ ‘ಸೈತಾನನೇ, ಹಿಂದಕ್ಕೆ ಹೋಗು’ ಅಂತ ಬೀಳುತ್ತೆ, ಶಿಲುಬೆ ಬೇಡ ಅಂದದ್ದಕ್ಕೆ. ಪೇತ್ರನಿಗೆ ಕಂಡದ್ದು ನಡೆದಾಡೋ ಮರ.

ಪ್ರಕಟನೆ 3ರಲ್ಲಿ ಲವೊದಿಕೀಯ ಊರಿನ ಸಭೆಗೆ ಬರೆದ ಕಾಗದದಲ್ಲಿ ಬರೋ ಅಂಜನವನ್ನೂ ಯಾರೋ ಎತ್ತಬಹುದು. ನಮ್ಮ ಕಡೆ ಅಂಜನ ಅಂದ್ರೆ ಕಳೆದುಹೋದ ಒಡವೆ ಹುಡುಕೋಕೆ ಹಾಕಿ ನೋಡೋದು ನೆನಪಾಗುತ್ತೆ. ಅದಲ್ಲ, ಕಣ್ಣಿಗೆ ಹಚ್ಚೋ ಮದ್ದು. ಆ ಊರು ಎಷ್ಟು ಸಿರಿವಂತ ಅಂದ್ರೆ ಕ್ರಿ.ಶ. 60ರ ಸುಮಾರಿಗೆ ಭೂಕಂಪಕ್ಕೆ ಬಿದ್ದಾಗ ರೋಮಿನಿಂದ ದುಡ್ಡು ತಗೊಳ್ಳದೆ ತಾನೇ ಎದ್ದು ನಿಂತಿತು, ರೋಮಿನ ಇತಿಹಾಸಕಾರ ತಾಸಿತಸ್ ಬರೆದಿದ್ದಾನೆ. ‘ನಮಗೇನೂ ಕೊರತೆಯಿಲ್ಲ’ ಅನ್ನೋ ಆ ಮಾತಿನ ಮೇಲೇ ‘ನೀನು ಕುರುಡ’ ಅನ್ನೋ ಏಟು ಬೀಳೋದು. ಕಾಗದ ಹೋದದ್ದು ಸಭೆಗೆ, ಊರಿನ ಗುಡಿಗಳಿಗಲ್ಲ.

ಕೊನೇ ಹತ್ತು ನಿಮಿಷ ಕೈಗೆ ಏನಾದ್ರೂ ಕೊಟ್ಟು ಕಳಿಸು. ನಮ್ಮ ಕಥೋಲಿಕ ಬೀಗರ ಕಡೆ ಇಗ್ನೇಷಿಯಸ್ ಲೊಯೋಲ ಕಲಿಸಿದ ಆತ್ಮಪರಿಶೀಲನೆ ಇದೆ, ಐದು ಹೆಜ್ಜೆ: ಕೃತಜ್ಞತೆ, ಬೆಳಕು ಬೇಡೋದು, ದಿನವನ್ನ ತಿರುಗಿ ನೋಡೋದು, ಕ್ಷಮೆ, ನಾಳೆಗೆ ನಿರ್ಧಾರ. ಮಲಗೋ ಮುಂಚೆ ಹತ್ತು ಹದಿನೈದು ನಿಮಿಷ. ಜನ ಎಡವೋದು ಎರಡನೇ ಹೆಜ್ಜೆ ಹಾರಿಸಿ ಸೀದಾ ಮೂರಕ್ಕೆ ಹೋಗುವಾಗ. ನನ್ನ ಕುರುಡನ್ನ ನನ್ನ ಕಣ್ಣಲ್ಲೇ ಹುಡುಕೋಕೆ ಆಗುತ್ತಾ? ಹಾಗೆ ಕೂತ್ರೆ ಗಂಡನ ತಪ್ಪು, ಅತ್ತೆ ತಪ್ಪು, ಪಾಸ್ಟರ್ ತಪ್ಪು ಎಲ್ಲ ಚೆನ್ನಾಗಿ ಕಾಣುತ್ತೆ. ಅದಕ್ಕೇ ಮೊದಲು ಕೀರ್ತನೆ 139:23, ‘ದೇವರೇ, ನನ್ನನ್ನ ಪರೀಕ್ಷಿಸಿ ನನ್ನ ಹೃದಯ ತಿಳಿದುಕೋ’ ಅನ್ನೋದನ್ನ ಹೇಳಿಕೊಳ್ಳಲಿ. ಒಂದು ವಾರದ ಮಟ್ಟಿಗೆ ಒಂದೇ ಪ್ರಶ್ನೆ ಕೊಡು: ಇವತ್ತು ಯಾರ ಬಗ್ಗೆ ‘ಅವರು ಎಂಥವರು ಅಂತ ನನಗೆ ಗೊತ್ತು’ ಅಂದೆ? ಹೆಸರು ಬರೆದಿಡಲಿ, ಯಾರಿಗೂ ತೋರಿಸಬೇಕಾಗಿಲ್ಲ.

ಓದೋಕೆ ಏಳು ದನಿ ಬೇಕು: ನಿರೂಪಕ, ಯೇಸುಸ್ವಾಮಿ, ಶಿಷ್ಯರು, ನೆರೆಯವರು, ಕಣ್ಣು ಬಂದವನು, ಹೆತ್ತವರು, ಫರಿಸಾಯರು. ಬುಧವಾರವೇ ಹೇಳಿಡು, ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆಸು. ಅಜ್ಜನಿಗೆ ಅಧ್ಯಾಯದ ಆಡಿಯೋ ಮುಂಚೆಯೇ ಕಳಿಸು. ಕಣ್ಣು ಬಂದವನ ಪಾತ್ರವನ್ನ ನೀನಾಗಿ ಅವರಿಗೆ ಕಟ್ಟಬೇಡ. ಯಾವುದು ಬೇಕು ಅಂತ ಕೇಳು, ಬಹುಶಃ ನಿರೂಪಕನ ಭಾಗವನ್ನೇ ಬಾಯಿಪಾಠ ಮಾಡಿಕೊಂಡು ಬಂದಾರು. ಫರಿಸಾಯರನ್ನ ಯಾರೂ ಒಪ್ಪಲ್ಲ, ಒಪ್ಪಿದ್ರೂ ಸಿನಿಮಾ ವಿಲನ್ ಥರ ಓದ್ತಾರೆ. ಅದನ್ನ ನೀನೇ ಓದು, ಕೂಟ ನಡೆಸೋಳು ನೀನು ತಾನೇ. ಮಾಮೂಲಿ ದನಿಯಲ್ಲಿ ಓದು. 40ರ ‘ನಾವೂ ಕುರುಡರೋ?’ ಆದ ಮೇಲೆ ಒಳಗೊಳಗೇ ಹತ್ತು ಎಣಿಸು, ಆಮೇಲೆ 41 ಓದಲಿ. ಆ ವಚನ ತಮ್ಮನಿಗೆ ಕೊಡು, ಬರ್ತಾನಲ್ಲ ಶುಕ್ರವಾರ?