ಕೊವೆಂಟ್ರಿಯಿಂದ ಬಂದ ಹಾಡು

ವಿನಯ (ಕೊವೆಂಟ್ರಿ): ಎಲ್ಲರೂ ಈ ಹಾಡು ಕೇಳಿ. ದಿ ಸ್ಪೆಷಲ್ಸ್ ತಂಡದ 'ಘೋಸ್ಟ್ ಟೌನ್', 1981. ನಾನು ಈಗಿರುವ ಊರಿನದೇ ತಂಡ.

ದೊಡ್ಡಪ್ಪ: ಕೇಳಿದೆ. ಸ್ಮಶಾನದಲ್ಲಿ ಗಾಳಿ ಬೀಸಿದ ಹಾಗಿದೆ. ಬೆಳಗ್ಗೆ ಎದ್ದು ಕೇಳುವಂಥದ್ದೇನಪ್ಪಾ ಇದು?

ವಿನಯ: ಊರೇ ಹಾಗಾಗಿತ್ತು ದೊಡ್ಡಪ್ಪ. ಇಂಗ್ಲೆಂಡಿನ ಈ ಕೊವೆಂಟ್ರಿ ಕಾರು ತಯಾರಿಸಿ ಬದುಕಿದ ಊರು. ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದವು. 1982ರ ಜನವರಿಯ ಹೊತ್ತಿಗೆ ಬ್ರಿಟನ್ನಿನಲ್ಲಿ ನಿರುದ್ಯೋಗಿಗಳ ಸಂಖ್ಯೆ 30 ಲಕ್ಷ ದಾಟಿತ್ತು. ಈ ಹಾಡು 1981ರ ಜುಲೈನಲ್ಲಿ ಮೂರು ವಾರ ಇಲ್ಲಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿತ್ತು. ಅದೇ ತಿಂಗಳು ಲಿವರ್‌ಪೂಲಿನ ಟಾಕ್ಸ್‌ಟೆತ್ ಬಡಾವಣೆ ಗಲಭೆಯಲ್ಲಿ ಹೊತ್ತಿ ಉರಿಯಿತು.

ಸುಮಾ ಚಿಕ್ಕಮ್ಮ: ಆ ಟ್ರೊಂಬೋನ್ ಕೇಳಿ ಕರುಳು ಕಿವುಚಿದಂತಾಯಿತು. ಊದಿದವರು ಯಾರು?

ವಿನಯ: ರಿಕೊ ರೊಡ್ರಿಗಸ್, ಜಮೈಕಾದಲ್ಲಿ ಬೆಳೆದವರು. ಹಾಡು ಬರೆದ ಜೆರ್ರಿ ಡ್ಯಾಮರ್ಸ್ 1955ರಲ್ಲಿ ಹುಟ್ಟಿದ್ದು ನಮ್ಮ ಪಕ್ಕದ ಊಟಿಯಲ್ಲಿ. ತಂದೆ ಪಾದ್ರಿ.

ದೊಡ್ಡಪ್ಪ: ಊಟಿಯಲ್ಲಿ ಹುಟ್ಟಿದ ಮಾತ್ರಕ್ಕೆ ಹಾಡಿನಿಂದ ಏನೋ ಬದಲಾಗುತ್ತದೆ ಎಂದು ನಾನು ಒಪ್ಪಬೇಕೇ? ಆಗ ಅಲ್ಲಿ ಪ್ರಧಾನಿಯಾಗಿದ್ದ ಥ್ಯಾಚರ್ 1983ರಲ್ಲಿ ಇನ್ನೂ ದೊಡ್ಡ ಬಹುಮತದಿಂದ ಬಂದರು. 1985ರಲ್ಲಿ ಹಾಡುಗಾರರು 'ರೆಡ್ ವೆಡ್ಜ್' ಎಂದು ಗುಂಪು ಕಟ್ಟಿ ಅವರ ಎದುರಾಳಿ ಲೇಬರ್ ಪಕ್ಷದ ಪರ ನಿಂತರು ಎಂದು ಹೋದ ವಾರ ನೀನೇ ಬರೆದಿದ್ದೆ. 1987ರಲ್ಲಿ ಗೆದ್ದವರು ಮತ್ತೆ ಥ್ಯಾಚರ್ ತಾನೇ? ನಮ್ಮ ಕಾರ್ಖಾನೆ ಮುಚ್ಚಿದ ವರ್ಷ ಮನೆಗೆ ಅಕ್ಕಿ ತಂದದ್ದು ಯಾರ ಹಾಡೂ ಅಲ್ಲ, ನಿನ್ನ ದೊಡ್ಡಮ್ಮನ ಬಳೆ.

ವಿನಯ: ನಿಮ್ಮ ಕಷ್ಟವನ್ನು ನಾನು ಹಗುರ ಮಾಡುತ್ತಿಲ್ಲ. ಆದರೆ ಹಾಡನ್ನು ಮತದ ತಕ್ಕಡಿಯಲ್ಲಿ ತೂಗಬೇಡಿ. ಹಾಡು ಬಂದ 1981ರಲ್ಲಿ ಈ ಊರಿನಲ್ಲಿ ಏಷ್ಯಾ ಮೂಲದ ವಿದ್ಯಾರ್ಥಿಯೊಬ್ಬನನ್ನು ಕೊಂದರು. ಜೂನ್‌ನಲ್ಲಿ ಇದೇ ತಂಡ, ಕಪ್ಪು ಹುಡುಗರೂ ಬಿಳಿ ಹುಡುಗರೂ ಒಂದೇ ವೇದಿಕೆಯ ಮೇಲೆ ನಿಂತು, ಜನಾಂಗ ಸಾಮರಸ್ಯಕ್ಕಾಗಿ ಇಲ್ಲಿಯೇ ಹಾಡಿತು. ಇಂದು ನಾನು ರಾತ್ರಿ ಪಾಳಿ ಮುಗಿಸಿ ಇದೇ ಊರಿನ ಬೀದಿಯಲ್ಲಿ ಒಬ್ಬನೇ ನಡೆದು ಮನೆಗೆ ಬರುತ್ತೇನೆ. ಅವರ ಋಣ ನನ್ನ ಮೇಲಿದೆ.

ಸುಮಾ ಚಿಕ್ಕಮ್ಮ: ಮಂಡೇಲಾ ಬಿಡುಗಡೆಗಾಗಿ ಹಾಡು ಕಟ್ಟಿದವರೂ ಇವರೇ ಅಲ್ಲವೇ?

ವಿನಯ: ಹೌದು ಚಿಕ್ಕಮ್ಮ, 1984ರಲ್ಲಿ, ಇದೇ ಡ್ಯಾಮರ್ಸ್. ಮಂಡೇಲಾ ಹೊರಬಂದದ್ದು 1990ರಲ್ಲಿ. ಹಾಡಿನಿಂದಲೇ ಬಂದರು ಎನ್ನುವುದಿಲ್ಲ. ಆದರೆ ಅವರು ಯಾರೆಂದು ತಿಳಿಯದ ಹುಡುಗರೂ ಅವರ ಹೆಸರು ಹೇಳಿಕೊಂಡು ಕುಣಿದರು.

ವಿನಯ: ದೊಡ್ಡಪ್ಪ, ಇನ್ನೊಂದು ಮಾತು. ಬರ್ಮಿಂಗ್‌ಹ್ಯಾಮಿನ ತಂಡವೊಂದು 'ಯುಬಿ40' ಎಂದು ಹೆಸರಿಟ್ಟುಕೊಂಡಿತು. ಅದು ನಿರುದ್ಯೋಗ ಭತ್ಯೆಯ ಕಾರ್ಡಿನ ಹೆಸರು. 1980ರ ಅವರ ಮೊದಲ ಆಲ್ಬಮ್ಮಿನ ಹೊದಿಕೆಯೂ ಆ ಕಾರ್ಡಿನ ಪಡಿಯಚ್ಚೇ. ಜೇಬಿನಲ್ಲಿ ಮುಚ್ಚಿಟ್ಟುಕೊಳ್ಳುವ ಕಾರ್ಡನ್ನು ಎಲ್ಲರ ಕಣ್ಣೆದುರು ಅಂಗಡಿಯಲ್ಲಿ ಜೋಡಿಸಿಟ್ಟರು.

ದೊಡ್ಡಪ್ಪ: ಹಾಡಿನಿಂದ ಕಾರ್ಖಾನೆಯ ಗೇಟು ತೆರೆಯುವುದಿಲ್ಲ. ಈ ಮಾತನ್ನು ನಾನು ಬಿಡುವುದಿಲ್ಲ.

ದೊಡ್ಡಪ್ಪ: ಆ ಹೊದಿಕೆಯ ಚಿತ್ರ ಕಳುಹಿಸು. ಉದ್ಯೋಗ ವಿನಿಮಯ ಕೇಂದ್ರದ ನನ್ನ ಕಾರ್ಡು ಇನ್ನೂ ಟ್ರಂಕಿನಲ್ಲಿದೆ. ಪಕ್ಕದಲ್ಲಿಟ್ಟು ನೋಡುತ್ತೇನೆ.